ಅಂಗೈ ತಪಾಸಣೆ

ಬೆಟ್ಟದ ರೋಪ್‌ವೇಯ ಉಕ್ಕಿನ ಹಗ್ಗವನ್ನು ಬೆಳಿಗ್ಗೆಯಷ್ಟೇ ತಪಾಸಣೆ ಮಾಡಿ, ಸರಿಯಿದೆಯೆಂದು ಸಹಿ ಹಾಕಿದ ಮುದುಕ, ತನ್ನ ಪದ್ಧತಿಯಂತೆ ಮೊದಲ ಕ್ಯಾಬಿನ್‌ನಲ್ಲಿ ತಾನೇ ಹತ್ತಿ ಕೂತಿದ್ದ. ಹಿಂದಿನ ಹನ್ನೊಂದು ಕ್ಯಾಬಿನ್‌ಗಳಲ್ಲೂ ಜನ ತುಂಬಿದ್ದರು. ಎದುರಿಗೆ ರೋಪ್‌ವೇ ಮೇಸ್ತ್ರಿ ಕೂತಿದ್ದ. ಕ್ಯಾಬಿನ್ ಮೇಲೇರುತ್ತಿತ್ತು; ಕಾಲ ಕೆಳಗೆ ಆಳದಲ್ಲಿ ಬರೀ ಬಂಡೆ.

“ಇದು ಬಿಲ್ಡಿಂಗ್ ಲಿಫ್ಟಿಗಿಂತ ಗಟ್ಟಿ ಅಲ್ವಾ ಸಾರ್?” ಅಂದ ಮೇಸ್ತ್ರಿ.

“ಎಲ್ಲಿಯ ಮಾತು! ಲಿಫ್ಟಿಗೆ ಐದಾರು ಹಗ್ಗ ಇರ್ತವೆ. ಒಂದು ಹೋದರೆ ಮಿಕ್ಕವು ಹಿಡ್ಕೊಳ್ತವೆ. ಗಣಿಯೊಳಗೆ ನಮ್ಮನ್ನ ಇಳಿಸ್ತಿದ್ದ ಕಬ್ಬಿಣದ ಪಂಜರಕ್ಕೆ ಇದ್ದದ್ದು ಒಂದೇ. ಇದಕ್ಕೂ ಒಂದೇ. ಅಲ್ಲಿ ಹಗ್ಗ ಕಿತ್ತು ಹದಿನಾಲ್ಕು ಜನ ಹೋದರು ನೋಡು, ಅವತ್ತಿಂದ ನಾನು ಹಗ್ಗ ಪರೀಕ್ಷೆ ಮಾಡೋ ಯಂತ್ರ ನಂಬಲ್ಲ. ಹಗ್ಗ ನಿಧಾನ ಓಡಿಸಿ ಬರಿಗೈಯಲ್ಲೇ ಸವರೋದು. ಒಂದೆಳೆ ತಂತಿ ತುಂಡಾಗಿದ್ದರೂ ತುದಿ ಮೇಲೆದ್ದು ಚುಚ್ಚುತ್ತೆ.”

ಮುದುಕ ಅಂಗೈ ಚಾಚಿದ. ಹಳೇ ಗಾಯದ ಕಲೆಗಳ ನಡುವೆ ಇವತ್ತಿನದೊಂದು ಗೀರೂ ಇರಲಿಲ್ಲ.

“ಹೋದ ವರ್ಷ ಎರಡು ಕಡೆ ರಕ್ತ ಬಂತು, ಅಷ್ಟುದ್ದ ಕತ್ತರಿಸಿ ಹೊಸದು ಹಾಕಿಸಿದೆ. ಈ ಸಲ ರೇಷ್ಮೆ ಕಣಯ್ಯಾ, ರೇಷ್ಮೆ!”

ಮೇಸ್ತ್ರಿಯ ಮುಖ ಅರಳಿತು.

“ಹೋದ ಸಲ ನಿಮ್ಮ ಕೈ ನೋಡಿ ನನಗೆ ಊಟ ಸೇರಲಿಲ್ಲ ಸಾರ್. ಅದಕ್ಕೇ ನಿನ್ನೆ ಇಡೀ ದಿನ ಕೂತು, ಮೇಲೆದ್ದಿದ್ದ ತಂತಿ ತುದಿಗಳನ್ನೆಲ್ಲ ಒಂದೂ ಬಿಡದೆ ಕತ್ತರಿಸಿ ತೆಗೆದೆ.”