ನಾಲ್ಕನೆಯ ಮನೆ

ಮನೆಗಳು ಮಾತು ಕಲಿತು, ಬಾಡಿಗೆಯವರನ್ನು ತಾವೇ ಆರಿಸಿಕೊಳ್ಳತೊಡಗಿ ಹತ್ತು ವರ್ಷವಾಗಿತ್ತು. ಮಾಲೀಕರ ಕೆಟ್ಟ ಚಾಳಿಯೆಲ್ಲ ಅವಕ್ಕೂ ಅಂಟಿತ್ತು. ಹದಿನೆಂಟು ತುಂಬಿತೆಂದು ಅನಾಥಾಲಯ ಹೊರಗೆ ಕಳಿಸಿದ ಮೇಲೆ ಕಸ್ತೂರಿ ಎಂಟು ತಿಂಗಳಿಂದ ಗದಗದ ಬಸ್‌ಸ್ಟ್ಯಾಂಡಿನಲ್ಲಿ ಮಲಗುತ್ತಿದ್ದಳು. ಮೂರು ಮನೆಗಳು ಅವಳನ್ನು ಬೇಡವೆಂದಿದ್ದವು. ಯುವಸಹಾಯ ಕೇಂದ್ರದ ಜೈತುನಕ್ಕ ಅವಳನ್ನು ನಾಲ್ಕನೆಯದರ ಮುಂದೆ ನಿಲ್ಲಿಸಿ, "ಬಾಯಿ ಬಿಗಿ ಹಿಡಿ," ಎಂದಳು.

"ಯಾರ ಪೈಕಿ ನೀ?" ಬಾಗಿಲು ಕೇಳಿತು. "ತತ್ತಿ ತಿಂತಿಯೇನು? ಗೆಳ್ಯಾರು ಬರ್ತಾರೇನು?"

ಕಸ್ತೂರಿಗೆ ರೇಗಿತು. "ತತ್ತಿ ತಿಂತೀನಿ. ಯಾರ ಪೈಕಿ ಅನ್ನೋದು ನನಗೂ ಗೊತ್ತಿಲ್ಲ. ಈಗ ನೀ ಹೇಳು. ನೀ ಸೋರ್ತಿಯೇನು? ನಿನ್ನೊಳಗ ಹೆಗ್ಗಣ ಎಷ್ಟ ಅದಾವ? ಹಿಂದಿನವ್ರು ಯಾಕ ಬಿಟ್ಟು ಹೋದ್ರು?"

ಜೈತುನಕ್ಕ ಹಣೆ ಚಚ್ಚಿಕೊಂಡಳು.

"ಅಡಗಿಮನಿ ಸೋರತೈತಿ," ಎಂದಿತು ಮನೆ, ಸಣ್ಣ ದನಿಯಲ್ಲಿ. "ನಾಕು ವರ್ಷಾತು, ಯಾರೂ ಬಂದಿಲ್ಲ."

"ಬಕೀಟು ಇಡ್ತೀನಿ ತಗೋ."

ಬಾಗಿಲು ತೆರೆಯಿತು. ಕಸ್ತೂರಿ ಒಳಹೋಗಿ, ಜೀವಮಾನದಲ್ಲೇ ಮೊದಲ ಸಲ ಒಳಗಿನಿಂದ ಚಿಲಕ ಹಾಕಿಕೊಂಡಳು.

"ಏ, ಸಹಿ ಮಾಡೋದೈತಿ," ಜೈತುನಕ್ಕ ಹೊರಗಿನಿಂದ ಕೂಗಿದಳು.

"ಸಂಜಿಗೆ ಬರ್ರಿ, ಅಕ್ಕಾ. ಈಗ ಮಲಗ್ತೀನಿ."