ರಿಲೀಸ್ ದಿನದ ಜನ

ಆಫೀಸಿನಲ್ಲಿ ಎಲ್ಲರೂ ಬರೆದ ಕೋಡನ್ನು ಒಟ್ಟುಗೂಡಿಸಿ ಆ್ಯಪ್ ಮಾಡಿಕೊಡುವ ಬಿಲ್ಡ್ ಟೂಲನ್ನು ನೋಡಿಕೊಳ್ಳುವುದು ಸದಾನಂದರ ಕೆಲಸ. ಟೂಲ್ ತೀರ ಹಳೆಯದು. ಆ್ಯಪಿನ ಹೊಸ ಆವೃತ್ತಿ ಹೊರಬರುವ ಪ್ರತಿ ರಿಲೀಸಿನ ದಿನವೂ ಕೆಟ್ಟು ನಿಲ್ಲುತ್ತಿತ್ತು. ಆಗ ಇಡೀ ಆಫೀಸು ಮೂಲೆಯಲ್ಲಿದ್ದ ಅವರ ಮೇಜಿನ ಸುತ್ತ ನೆರೆಯುತ್ತಿತ್ತು. ಒಬ್ಬರು ಚಹಾ ತಂದರೆ ಇನ್ನೊಬ್ಬರು ಬನ್ಸ್ ತಂದಿಡುತ್ತಿದ್ದರು. ಉಳಿದ ದಿನಗಳಲ್ಲಿ ಅವರು ಕ್ಯಾಂಟೀನಿನಲ್ಲಿ ಒಬ್ಬರೇ ಉಂಡು ಬರುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲೂ ಮಾತಿಗೆ ಯಾರೂ ಇರಲಿಲ್ಲ.

ಹೊಸದಾಗಿ ಬಂದ ಮ್ಯಾನೇಜರ್ ಫ್ಲಾವಿಯಾ ಕೇಳಿದಳು, "ಸರ್, ಹೊಸ ಟೂಲ್ ಯಾವಾಗ ಹಾಕುದು?"

"ರಿಲೀಸಿಗೆ ಹತ್ತೇ ದಿನ ಉಂಟು ಮೇಡಂ. ಈಗ ಕೈಹಾಕಿದ್ರೆ ಎಲ್ಲ ನಿಂತು ಹೋಗ್ತದೆ. ಇದೊಂದು ಮುಗೀಲಿ."

ಅದು ಮುಗಿಯಿತು. ಅವಳು ಮತ್ತೆ ಬಂದು ಕೇಳಿದಳು.

"ಮುಂದಿನದ್ದು ಹತ್ತಿರ ಬಂತಲ್ಲ ಮೇಡಂ."

"ಹೀಗೆ ಹೇಳಿದ್ರೆ ಯಾವಾಗಲೂ ಆಗ್ಲಿಕ್ಕಿಲ್ಲ ಸರ್. ನಿಮಗೆ ಎಷ್ಟು ದಿನ ಬೇಕು ಹೇಳಿ. ಬೇಕಾದ್ರೆ ಒಂದು ತಿಂಗಳು ರಿಲೀಸನ್ನೇ ಮುಂದೆ ಹಾಕ್ತೇನೆ. ಇಬ್ಬರನ್ನು ಜೊತೆಗೆ ಕೊಡ್ತೇನೆ."

ಸದಾನಂದರು ಕಂಪ್ಯೂಟರನ್ನು ಅವಳ ಕಡೆಗೆ ತಿರುಗಿಸಿ ಒಂದು ಕೀ ಒತ್ತಿದರು. ಹೊಸ ಟೂಲ್ ನಾಲ್ಕೇ ನಿಮಿಷದಲ್ಲಿ ಇಡೀ ಆ್ಯಪನ್ನು ಕಟ್ಟಿ ಮುಗಿಸಿತು. ಎಲ್ಲೂ ತಡವರಿಸಲಿಲ್ಲ.

ಫ್ಲಾವಿಯಾ ಪರದೆಯನ್ನೇ ನೋಡಿದಳು. "ಇದು ಯಾವಾಗ ರೆಡಿಯಾಯ್ತು ಸರ್?"

"ಮೂರು ವರ್ಷ ಆಯ್ತು ಮೇಡಂ."