ಒಂದು ಚೊಂಬು ತೀರ್ಥ

ಗಂಗಲಕ್ಷ್ಮಮ್ಮ ಅತ್ತಿತ್ತ ನೋಡಿ, ಕಾರಿನ ಹಿಂದೆ ಬಗ್ಗಿ, ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿ ತೆಗೆದರು. ಸೆರಗಿನ ಮರೆಯಲ್ಲಿದ್ದ ತಾಮ್ರದ ಚೊಂಬಿನಲ್ಲಿ ಬಾವಿಯ ನೀರು. ಅದಕ್ಕೆ ಕಾಶಿಯ ಗಂಗೆಯ ನಾಲ್ಕು ಹನಿ, ಎರಡು ದಳ ತುಳಸಿ. ತುಳಸಿಯನ್ನು ಬೆರಳಿನಿಂದ ತಡೆದು, ಮನೆದೇವರ ಹೆಸರು ಹೇಳಿ, ಚೊಂಬನ್ನು ಪೂರಾ ಬಗ್ಗಿಸಿದರು. ಕಾರು ಗುಟುಕು ಗುಟುಕಾಗಿ ಕುಡಿಯಿತು. ಅವರ ಎದೆಯ ಭಾರ ಅರ್ಧ ಇಳಿಯಿತು.

ಜಗಳ ಹತ್ತಿದ್ದು ಹಿಂದಿನ ದಿನ ಸಂಜೆ. ಹೊಲವೆಲ್ಲ ಲೇಔಟಿಗೆ ಹೋದ ಮೇಲೆ ಹಳೆಯ ಆಸ್ಟಿನ್ ಕಾರೊಂದನ್ನು ಕೊಂಡು ಮೆರೆಯುತ್ತಿದ್ದ ಮಗ ಕೆಂಪಯ್ಯ, ಬಂಕಿನಿಂದ ಬಂದವನು ಸುಮ್ಮನಿರಲಾರದೆ, ಈಗ ಪೆಟ್ರೋಲಿಗೆ ಆಲ್ಕೋಹಾಲ್ ಬೆರೆಸಿ ಕೊಡುತ್ತಾರೆ ಎಂದು ಬಾಯಿಬಿಟ್ಟಿದ್ದ.

"ಹಂಗಂದ್ರೆ?"

"ಸ್ಪಿರಿಟ್ಟು ಕಣವ್ವ. ಕಬ್ಬಿನ ಕಾಕಂಬಿಯಿಂದ ತೆಗೀತಾರೆ. ಇಂಜಿನ್ನು ತಣ್ಣಗಿರುತ್ತಂತೆ. ಎಲ್ಲಾ ಪೆಟ್ರೋಲ್ನೂ ಹೊರದೇಶದಿಂದ ತರಿಸೋದು ತಪ್ಪುತ್ತಂತೆ."

"ಕಾಕಂಬಿಯಿಂದ ಏನು ತೆಗೀತಾರೆ ಅಂತ ನಂಗೆ ಹೇಳ್ಕೊಡಬೇಡ. ಸಾರಾಯಿ ಅನ್ನು."

"ಕಾರು ಕುಡಿದ್ರೆ ನಿಂಗೇನವ್ವ? ಅದೇನು ಬಂದು ಬಾಗಿಲು ಒದೆಯುತ್ತಾ?"

ಆಡಿದ ಮೇಲೆ ಕೆಂಪಯ್ಯನೇ ನಾಲಿಗೆ ಕಚ್ಚಿಕೊಂಡ. ಅವನಪ್ಪ ಬಾಗಿಲು ಒದ್ದೇ ಒಳಗೆ ಬರುತ್ತಿದ್ದವನು. ನಲವತ್ತು ತುಂಬುವ ಮೊದಲೇ ಹೆಂಡ, ಸಾರಾಯಿ ಎರಡೂ ಸೇರಿ ಅವನನ್ನು ತಿಂದುಹಾಕಿದವು. ಅಂದಿನಿಂದ ಕುಡಿದು ಬಂದವನು ಸ್ವಂತ ತಮ್ಮನಾದರೂ ಗಂಗಲಕ್ಷ್ಮಮ್ಮ ಹೊಸ್ತಿಲು ದಾಟಲು ಬಿಟ್ಟವರಲ್ಲ. ಈಗ ನೋಡಿದರೆ, ಹೆರಿಗೆ ಆಸ್ಪತ್ರೆಯಿಂದ ಮಗಳು ಜಲಜಾಳನ್ನೂ ಹನ್ನೊಂದು ದಿನದ ಮೊಮ್ಮಗನನ್ನೂ ಕರೆತರಬೇಕಾದದ್ದು ಇದೇ ಕಾರಿನಲ್ಲಿ! ತಾತನನ್ನು ನುಂಗಿದ್ದರ ಮೇಲೆ ಕೂತು ಮೊಮ್ಮಗ ಮೊದಲ ಸಲ ಮನೆಗೆ ಬರುವುದೆ? ಜಟಕಾ ಮಾಡೋಣವೆಂದರೆ ಹಸಿ ಬಾಣಂತಿ, ಕುಲುಕಾಟ ತಡೆಯಲಾರಳು. ಕಾರೂ ಬೇಕು, ಅದು ಕುಡಿತವನ್ನೂ ಬಿಡಬೇಕು. ರಾತ್ರಿಯೆಲ್ಲ ಯೋಚಿಸಿ ಅವರು ಕಂಡುಕೊಂಡ ದಾರಿ ಈ ತೀರ್ಥ.

ತಾಯಿ ಮಗ ಇಬ್ಬರೂ ರಾಜಾಜಿನಗರದ ಮನೆ ಬಿಡುವಾಗ ಕಾರು ಸರಿಯಾಗಿಯೇ ಇತ್ತು. ಮಾಗಡಿ ರಸ್ತೆಯ ಟೋಲ್‌ಗೇಟಿನ ಹತ್ತಿರ ಎರಡು ಸಲ ಬಿಕ್ಕಿ, ನಿಂತೇಬಿಟ್ಟಿತು. ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಮಗು ಆಸ್ಪತ್ರೆಯ ಬಾಗಿಲು ದಾಟಬೇಕು. ದಾರಿಹೋಕರ ಕೈಯಲ್ಲಿ ತಳ್ಳಿಸಿಕೊಂಡು ಕೆಂಪಯ್ಯ ಕಾರನ್ನು ಮೆಕ್ಯಾನಿಕ್ ಮುನಿರಾಮಯ್ಯನ ಶೆಡ್ಡಿಗೆ ತಂದ.

ಮುನಿರಾಮಯ್ಯ ಟ್ಯಾಂಕಿನ ತಳದ ತಿರುಪು ಬಿಚ್ಚಿ, ಗಾಜಿನ ಸೀಸೆ ತುಂಬುವವರೆಗೆ ಹಿಡಿದು, ಬೆಳಕಿಗೆ ಎತ್ತಿದ. ನಡುವೆ ಗೆರೆ ಎಳೆದ ಹಾಗೆ ಎರಡು ಪಾಲು. ಮೇಲೆ ಕೆಂಪು ಪೆಟ್ರೋಲ್, ಕೆಳಗೆ ನೀರಿನಂಥದ್ದು.

"ಇದರೊಳಕ್ಕೆ ನೀರು ಹೆಂಗೆ ಬಂತು ಸ್ವಾಮಿ?"

ಕೆಂಪಯ್ಯ ಬಂಕಿನವನ ಮೂರು ತಲೆಮಾರನ್ನೂ ಎತ್ತಿ ಬೈಯತೊಡಗಿದ. ಗಂಗಲಕ್ಷ್ಮಮ್ಮನಿಗೆ ಕೇಳಿಕೊಂಡು ಇರಲಾಗಲಿಲ್ಲ.

"ಅವನನ್ನ ಯಾಕೆ ಬೈತೀಯ? ಹೊಯ್ದೋಳು ನಾನು. ಒಂದು ಚೊಂಬು ತೀರ್ಥ."

ಕೆಂಪಯ್ಯ ತಲೆಯ ಮೇಲೆ ಕೈ ಹೊತ್ತ. ಮುನಿರಾಮಯ್ಯ ನಗು ನುಂಗಿಕೊಂಡ.

"ಅಮ್ಮಾ, ನಿಮ್ಮ ತೀರ್ಥ ಕೆಲಸ ಮಾಡೈತೆ. ಪೆಟ್ರೋಲ್ ಜೊತೆ ಸ್ಪಿರಿಟ್ಟು ಚೆನ್ನಾಗೇ ಹೊಂದ್ಕೊಂಡಿರುತ್ತೆ, ಗಾಡೀನೂ ಓಡುತ್ತೆ. ನೀರು ಬಿತ್ತೋ, ಪೆಟ್ರೋಲ್ನ ಬಿಟ್ಟು ನೀರಿನ ಹಿಂದೆ ಹೊರಟೋಗುತ್ತೆ. ಈ ಕೆಳಗಿರೋದು ಬರೀ ನೀರಲ್ಲ, ನೀರೂ ಸ್ಪಿರಿಟ್ಟೂ. ಇದನ್ನ ಚೆಲ್ಲಿ ಪೈಪು ಊದಿದ್ರೆ ಆಯ್ತು, ಕಾಲು ಗಂಟೆ ಕೆಲಸ."

"ಹಂಗಾದ್ರೆ ಮೇಲಿರೋದ್ರಲ್ಲಿ ಸಾರಾಯಿ ಇಲ್ವಾ?"

"ಹೆಚ್ಚೂಕಮ್ಮಿ ಇಲ್ಲ."

ಕೆಂಪಯ್ಯನಿಗೂ ಈಗ ನಗು ಬಂತು. "ನೀನೇ ಗೆದ್ದೆ ನಡಿಯವ್ವ. ಮಡಿ ಕಾರಲ್ಲೇ ನಿನ್ನ ಮೊಮ್ಮಗನ್ನ ಕರ್ಕೊಂಡು ಬರೋಣ."

ಗಂಗಲಕ್ಷ್ಮಮ್ಮ ನಗಲಿಲ್ಲ. ಮುನಿರಾಮಯ್ಯನ ಕೈಯಿಂದ ಸೀಸೆ ತೆಗೆದುಕೊಂಡು, ಅಲ್ಲಾಡಿಸದೆ ಹಿಡಿದು, ನಡುವಿನ ಆ ಗೆರೆಯನ್ನೇ ನೋಡುತ್ತ ನಿಂತರು.

"ಒಂದು ಚೊಂಬಿಗೇ ಬಿಟ್ಟುಬಿಡ್ತಾ?"

"ಹೂಂ ಅಮ್ಮಾ, ಒಂದೇ ಚೊಂಬಿಗೆ."

"ನಿಮ್ಮಪ್ಪನಿಗೆ ಇದೇ ತೀರ್ಥಾನ ಹದಿನಾಲ್ಕು ವರ್ಷ ಕುಡಿಸ್ದೆ ಕಣೋ ಕೆಂಪಾ," ಎಂದರು.